ತಿಪ್ಪೆಗೆ ಒಡೆಯನಿದ್ದ ಕಾಲ: ರಾಯದುರ್ಗ, ಮಡಕಶಿರಾ ಸೀಮೆಯ ಕಸ ಮತ್ತು ನೆಲದ ಚರಿತ್ರೆ

ರಾಯದುರ್ಗ ಮತ್ತು ಮಡಕಶಿರಾ ಸೀಮೆಗಳು ಭೂಪಟದಲ್ಲಿ ಆಂಧ್ರಪ್ರದೇಶದ ಹಳೆಯ ಅನಂತಪುರ ಜಿಲ್ಲೆಯ ಪಡುವಣ ಅಂಚಿಗೆ ಸೇರಿದವಾದರೂ, ಮಾತು, ಬೇಸಾಯ, ಸಂತೆ, ಜಾತ್ರೆ, ನೆಂಟಸ್ತಿಕೆಗಳಲ್ಲಿ ಅವು ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕನ್ನಡ ಬಯಲುಸೀಮೆಯ ಮುಂದುವರಿಕೆಯೇ ಆಗಿವೆ. 1800ರಲ್ಲಿ ಹೈದರಾಬಾದಿನ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲಗಳಲ್ಲಿ ಎರಡೂ ಇದ್ದವು. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ಮಾಡಿದಾಗ ಮಡಕಶಿರಾ ಹೊಸ ಜಿಲ್ಲೆಗೆ ಹೋಯಿತು. ಬಳ್ಳಾರಿಯಲ್ಲೇ ಉಳಿದಿದ್ದ ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ ಮತ್ತು ಆಲೂರುಗಳ ಜೊತೆಯಲ್ಲಿ ಗಡಿಯಾಚೆ ಸೇರಿತು. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಮತ್ತೊಮ್ಮೆ ಜಿಲ್ಲೆ ಬದಲಿಸಿ ಶ್ರೀ ಸತ್ಯಸಾಯಿ ಜಿಲ್ಲೆಯ ಭಾಗವಾಯಿತು. ಗೆರೆಗಳು ಹೀಗೆ ಸರಿದಾಗಲೆಲ್ಲ ಕಡತಗಳು ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಹೋದವು, ಕಡತದ ಭಾಷೆಯೂ ಬದಲಾಯಿತು. ಆದರೆ ಊರಿನ ಕಸ ಎಲ್ಲಿಗೆ ಹೋಗಬೇಕು, ಕೆಟ್ಟ ನೆಲವನ್ನು ಸರಿಪಡಿಸುವ ಹೊಣೆ ಯಾರದು ಎಂಬ ಎರಡು ಪ್ರಶ್ನೆಗಳಿಗೆ ಈ ಸೀಮೆ ಕೊಟ್ಟ ಉತ್ತರಗಳ ಚರಿತ್ರೆಯು ರಾಜ್ಯಗಳ ಚರಿತ್ರೆಗಿಂತ ಬೇರೆಯಾದ ದಾರಿಯಲ್ಲಿ ನಡೆದಿದೆ.

ಆ ದಾರಿಯ ಮೊದಲ ಕುರುಹು ನವಶಿಲಾಯುಗದ್ದು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿರುವ ಕುಡತಿನಿ, ಬಳ್ಳಾರಿಯ ಮಗ್ಗುಲಿನ ಸಂಗನಕಲ್ಲು ಮತ್ತು ಕುಪ್ಪಗಲ್ಲು, ರಾಯದುರ್ಗದ ನೆರೆಯ ಕಲ್ಯಾಣದುರ್ಗ ಸೀಮೆಯ ಪಾಲವಾಯಿ ಇವೇ ಮೊದಲಾದ ಕಡೆಗಳಲ್ಲಿ ಕಾಣುವ ಬೂದಿಗುಡ್ಡಗಳನ್ನು, ಅಂದರೆ ಕರಗಿ ಗಟ್ಟಿಯಾದ ಕಿಟ್ಟದ ಉಂಡೆಗಳೂ ಮೆತ್ತನೆಯ ಬೂದಿಯೂ ಪದರ ಪದರವಾಗಿ ಕೂತ ದಿಬ್ಬಗಳನ್ನು, ಜನರು ಬಹುಕಾಲ ರಾಕ್ಷಸರ ಚಿತೆಯ ಬೂದಿಯೆಂದು ಹೇಳಿಕೊಂಡು ಬಂದರು. ಕ್ಯಾಪ್ಟನ್ ನ್ಯೂಬೋಲ್ಡ್ 1840ರ ದಶಕದಲ್ಲಿಯೇ ಇವುಗಳ ಬಗ್ಗೆ ಬರೆದನು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇವು ಪ್ರಾಚೀನ ದನಗಾಹಿಗಳ ನೆಲೆಗಳೆಂದು ಊಹಿಸಿದನು. 1960ರಲ್ಲಿ ಝಾಯ್ನರ್ ಎಂಬ ವಿಜ್ಞಾನಿ ಬಳ್ಳಾರಿ ಸೀಮೆಯ ಬೂದಿಯನ್ನು ಪರೀಕ್ಷಿಸಿ ಅದು ಸುಟ್ಟ ಸೆಗಣಿಯೆಂದು ತೋರಿಸಿದನು. ಇಂಥದೇ ಬೂದಿಗುಡ್ಡವೊಂದನ್ನು ಉತ್ನೂರಿನಲ್ಲಿ ಅಗೆದ ಪುರಾತತ್ತ್ವಜ್ಞ ಆಲ್ಚಿನ್ 1963ರಲ್ಲಿ ಪ್ರಕಟಿಸಿದ ಗ್ರಂಥವು ದನದ ದೊಡ್ಡಿಗಳಲ್ಲಿ ವರ್ಷಗಟ್ಟಲೆ ಒಟ್ಟಿದ ಸೆಗಣಿಗೆ ಆಗಾಗ ಬೆಂಕಿಯಿಟ್ಟದ್ದರಿಂದ ಈ ದಿಬ್ಬಗಳು ಬೆಳೆದವೆಂಬ ಅಭಿಪ್ರಾಯವನ್ನು ಗಟ್ಟಿಗೊಳಿಸಿತು. ಬೆಂಕಿ ಇಟ್ಟದ್ದು ಹಬ್ಬದ ಆಚರಣೆಗೋ, ರೋಗ ರುಜಿನ ಕಳೆಯಲಿಕ್ಕೋ ಎಂಬ ವಾದ ಮುಗಿದಿಲ್ಲ. ಅಂತೂ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಈ ಸೀಮೆಯವರು ತಮ್ಮ ಅತಿ ದೊಡ್ಡ ಕಸವನ್ನು ಒಂದು ಗೊತ್ತಾದ ಜಾಗದಲ್ಲಿ ಒಟ್ಟುತ್ತಿದ್ದರು ಎಂಬುದಕ್ಕೆ ಆ ದಿಬ್ಬಗಳೇ ಸಾಕ್ಷಿಯಾಗಿವೆ. ಸೆಗಣಿ ಗೊಬ್ಬರವಾಗಿ ಹೊಲಕ್ಕೆ ಹೋಗದೆ ಬೂದಿಯಾದದ್ದನ್ನು ನೋಡಿದರೆ, ಅದರ ಬೆಲೆಯನ್ನು ಅವರಿನ್ನೂ ಪೂರ್ತಿ ಅರಿತಿರಲಿಲ್ಲವೆಂದು ಊಹಿಸುವುದು ತಪ್ಪಾಗಲಾರದು.

ಆ ಬೆಲೆಯನ್ನು ಅರಿತ ಮೇಲೆ ಹುಟ್ಟಿದ ಸಂಸ್ಥೆಯೇ ತಿಪ್ಪೆ. ತಿಪ್ಪೆಯೆಂದರೆ ಮನೆಯ ಕಸ, ಕೊಟ್ಟಿಗೆಯ ಸೆಗಣಿ, ದನ ತಿಂದುಳಿದ ಸೊಪ್ಪೆ, ಒಲೆಯ ಬೂದಿ ಇವುಗಳನ್ನು ದಿನದಿನವೂ ಹಾಕಿ ಕೊಳೆಸುವ ರಾಶಿ ಅಥವಾ ಗುಂಡಿ. ಇದರ ಚರಿತ್ರೆಯನ್ನು ಬರೆಯುವವರು ಮೊದಲು ಗಮನಿಸಬೇಕಾದ ಸಂಗತಿ, ಪ್ರತಿಯೊಂದು ತಿಪ್ಪೆಗೂ ಒಬ್ಬ ಒಡೆಯನಿದ್ದನೆಂಬುದು. ಇಂಥ ಜಾಗದ ತಿಪ್ಪೆ ಇಂಥವರ ಮನೆಯದೆಂದು ಊರಿಗೆಲ್ಲ ಗೊತ್ತಿರುತ್ತಿತ್ತು. ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲ, ದನ, ಪಾತ್ರೆಗಳ ಜೊತೆಗೆ ತಿಪ್ಪೆಗೂ ಹಿಸ್ಸೆ ಬೀಳುತ್ತಿತ್ತು. ಒಬ್ಬರ ತಿಪ್ಪೆಯಿಂದ ಇನ್ನೊಬ್ಬರು ಒಂದು ಮಂಕರಿ ಗೊಬ್ಬರ ಎತ್ತಿದರೆ ಅದು ಕಳವೇ ಆಗುತ್ತಿತ್ತು. ಯುಗಾದಿಯ ಆಸುಪಾಸಿನಲ್ಲಿ, ಮುಂಗಾರು ಬೀಳುವ ಮುನ್ನ, ವರ್ಷವಿಡೀ ಮಾಗಿದ ಗೊಬ್ಬರವನ್ನು ಬಂಡಿಗೆ ಹೇರಿ ಹೊಲಕ್ಕೆ ಸಾಗಿಸುವ ಕೆಲಸ ಬೇಸಾಯದ ಮೊದಲ ಕೆಲಸವಾಗಿತ್ತು. ಹಗರಿ ಹೊಳೆಯ ಪಾತ್ರದಲ್ಲಿ ಕಣೇಕಲ್ಲು, ಬೊಮ್ಮನಹಾಳುಗಳ ಸುತ್ತ ಇರುವ ಎರೆ ಭೂಮಿ, ಅಂದರೆ ತೇವ ಹಿಡಿದಿಡುವ ಕಪ್ಪು ಮಣ್ಣು, ಗೊಬ್ಬರವಿಲ್ಲದೆಯೂ ಒಂದಿಷ್ಟು ಜೋಳ ಕೊಡಬಲ್ಲದು. ಮಡಕಶಿರಾದ ಕೆಂಪು ಮಸಾರಿ ನೆಲದಲ್ಲಿ ಮಾತ್ರ ತಿಪ್ಪೆಗೊಬ್ಬರ ಬೀಳದಿದ್ದರೆ ರಾಗಿ ತೆನೆ ಗಟ್ಟಿಯಾಗುವುದಿಲ್ಲ. ಹೀಗಾಗಿ ಮಡಕಶಿರಾ, ರೊಳ್ಳ, ಅಮರಾಪುರಗಳ ಕಡೆ ತಿಪ್ಪೆಯ ಮರ್ಯಾದೆ ರಾಯದುರ್ಗಕ್ಕಿಂತ ಒಂದು ತೂಕ ಹೆಚ್ಚಾಗಿಯೇ ಇತ್ತೆನ್ನಬಹುದು.

ಈ ಮರ್ಯಾದೆ ಹೆಸರುಗಳಲ್ಲಿಯೂ ಉಳಿದಿದೆ. ರಾಯದುರ್ಗ ಸೀಮೆಯ ಗುಮ್ಮಗಟ್ಟ ಮಂಡಲದಲ್ಲಿ ವೇದಾವತಿಗೆ, ಅಂದರೆ ಕೆಳಗೆ ಹಗರಿ ಎನಿಸಿಕೊಳ್ಳುವ ಅದೇ ಹೊಳೆಗೆ, ಕಟ್ಟಿದ ಅಣೆಕಟ್ಟಿನ ಹೆಸರು ಭೈರವಾನಿ ತಿಪ್ಪ. ತೆಲುಗಿನ ತಿಪ್ಪ, ದಿಬ್ಬಗಳೂ ಕನ್ನಡದ ತಿಪ್ಪೆ, ದಿಬ್ಬಗಳೂ ಎತ್ತರವಾಗಿ ಒಟ್ಟಿದ ರಾಶಿ ಎಂಬ ಒಂದೇ ಅರ್ಥದ ಸುತ್ತ ಸುಳಿಯುವ ಮಾತುಗಳಾದ್ದರಿಂದ ಗಡಿಯ ಎರಡು ಭಾಷೆಗಳು ಇಲ್ಲಿ ತಕರಾರಿಲ್ಲದೆ ಕೂಡಿಕೊಂಡಿವೆ. ಗಡಿಯಾಚೆ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ಈ ಎರಡೂ ಸೀಮೆಗಳಲ್ಲಿ ಒಕ್ಕಲಿನವರಿದ್ದಾರೆ. ತಿಪ್ಪೇಸ್ವಾಮಿ, ತಿಪ್ಪಣ್ಣ, ತಿಪ್ಪಮ್ಮ ಎಂಬ ಹೆಸರುಗಳು ಇಲ್ಲಿ ಮನೆಮನೆಯಲ್ಲಿ ಸಿಗುತ್ತವೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪನೆಂದು ಹೆಸರಿಡುವ ರೂಢಿಯೂ ಇತ್ತು. ಬೇಡವಾದ ವಸ್ತುವೆಂದು ಸಾವಿಗೆ ತೋರಿಸಿ ಮಗುವನ್ನು ಉಳಿಸಿಕೊಳ್ಳುವ ಈ ಉಪಾಯ ತೆಲುಗಿನ ಪೆಂಟಯ್ಯ, ತಮಿಳಿನ ಕುಪ್ಪುಸ್ವಾಮಿಗಳ ಹಿಂದೆಯೂ ಇದೆ. ದೀಪಾವಳಿಯಲ್ಲಿ ತಿಪ್ಪೆಯ ಮೇಲೊಂದು ಹಣತೆ ಇಡುವ ಮನೆಗಳು ಇಂದಿಗೂ ಇವೆ. ಹಳಸಿದ್ದೂ ಮುರಿದದ್ದೂ ಬಂದು ಬೀಳುವ ಜಾಗವನ್ನೇ ಬೆಳೆಯ ತಾಯಿಯೆಂದು ಕಂಡ ಸಮಾಜವು ಕಸವೆಂಬ ಮಾತನ್ನು ಇಂದಿನವರಷ್ಟು ಹಗುರವಾಗಿ ಬಳಸುತ್ತಿರಲಿಲ್ಲ.

ತಿಪ್ಪೆಗೆ ಸೇರದ ವಸ್ತುಗಳಿಗೂ ಬೇರೆ ಬೇರೆ ದಾರಿಗಳಿದ್ದವು. ಹರಿದ ಸೀರೆ, ಪಂಚೆಗಳು ಒಂದರ ಮೇಲೊಂದು ಹೊಲಿದು ಕೌದಿಯಾಗುತ್ತಿದ್ದವು. ತಿಪ್ಪೆಗೆ ಹೋಗದೆ ಉಳಿದ ಬೂದಿ ಪಾತ್ರೆ ಬೆಳಗುವುದಕ್ಕೂ ಬಿತ್ತನೆಯ ಕಾಳಿಗೆ ಹುಳ ಬೀಳದಂತೆ ಬೆರೆಸಿಡುವುದಕ್ಕೂ ಬೇಕಾಗುತ್ತಿತ್ತು. ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿದ ಕುರುಬರಿಗೆ ರೈತನು ಹಿಕ್ಕೆಯ, ಅಂದರೆ ಕುರಿಯ ಲದ್ದಿಯ, ಲೆಕ್ಕದಲ್ಲಿ ಕಾಳು ಅಳೆದು ಕೊಡುತ್ತಿದ್ದನು. ಬೇಸಗೆಯಲ್ಲಿ ಬತ್ತಿದ ಕೆರೆಯ ಗೋಡು, ಎಂದರೆ ಮಳೆನೀರು ತಂದು ತುಂಬಿದ ಹೂಳು, ಮತ್ತೆ ಹೊಲಗಳಿಗೆ ಏರುತ್ತಿತ್ತು. ಹಾಳಾದ ಹಳೆಯ ಊರುಗಳ ದಿಬ್ಬಗಳನ್ನು ಕೂಡ ಜನ ಬಿಡಲಿಲ್ಲ: ತೆಲುಗಿನವರು ಪಾಟಿಮಣ್ಣು ಎನ್ನುವ, ಹಿಂದಿನ ತಲೆಮಾರುಗಳ ಬೂದಿ, ಮೂಳೆ, ಸೆಗಣಿಗಳಿಂದ ಕಪ್ಪಾದ ಆ ಮಣ್ಣು ಒಳ್ಳೆಯ ಗೊಬ್ಬರವಾದ್ದರಿಂದ ಬಂಡಿಗಟ್ಟಲೆ ಹೊಲ ಸೇರಿತು. ಇದರಿಂದ ಎಷ್ಟೋ ಪುರಾತನ ನೆಲೆಗಳು ಮಾಯವಾದುವೆಂದು ಪುರಾತತ್ತ್ವಜ್ಞರು ಹಲುಬುವುದು ನ್ಯಾಯವೇ; ಆದರೆ ನೊಳಂಬರ ರಾಜಧಾನಿಯಾಗಿ ಮೆರೆದು ಇಂದು ಅಮರಾಪುರ ಮಂಡಲದ ಹಳ್ಳಿಯಾಗಿರುವ ಹೆಂಜೇರಿನಂಥ, ಅಂದರೆ ಹೇಮಾವತಿಯಂಥ, ಊರುಗಳಿರುವ ಸೀಮೆಯಲ್ಲಿ ರೈತನಿಗೆ ಚರಿತ್ರೆಯೂ ಒಂದು ಬಗೆಯ ಗೊಬ್ಬರವಾಗಿ ಕಂಡದ್ದರಲ್ಲಿ ಸೋಜಿಗವೇನಿಲ್ಲ.

ಈ ಚಿತ್ರವನ್ನು ಚಿನ್ನದ ಯುಗವೆಂದು ಬಣ್ಣಿಸುವವರು ಅದರ ಇನ್ನೊಂದು ಮಗ್ಗುಲನ್ನು ಮರೆಯುತ್ತಾರೆ. ಏನನ್ನೂ ಬಿಸಾಡದ ಆ ವ್ಯವಸ್ಥೆಯಲ್ಲಿ ಸತ್ತ ದನವನ್ನು ಹೊತ್ತು ಸುಲಿಯುವ ಕೆಲಸವೂ, ಪಟ್ಟಣಗಳಲ್ಲಿ ಮಲ ಬಳಿದು ತಲೆಯ ಮೇಲೆ ಹೊರುವ ಕೆಲಸವೂ ಹುಟ್ಟಿನಿಂದಲೇ ಕೆಲವು ಜಾತಿಗಳ ಪಾಲಿಗೆ ಬಿದ್ದಿದ್ದವು. ಕಸಕ್ಕೆ ಬೆಲೆಯಿತ್ತು, ಕಸ ಎತ್ತುವವರಿಗೆ ಇರಲಿಲ್ಲ. ಮೈಸೂರು ರಾಜ್ಯದಲ್ಲಿ ದೇವರಾಜ ಅರಸರ ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಎಪ್ಪತ್ತರ ದಶಕದ ಆರಂಭದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶದ ಕಾನೂನು ಬಂದದ್ದು 1993ರಲ್ಲಿ. ಅದು ಸಾಲದೆಂದು 2013ರಲ್ಲಿ ಇನ್ನೊಂದು ಕಾನೂನು ಬೇಕಾಯಿತು. ಅದಕ್ಕಾಗಿ ಹೋರಾಡಿದ ಬೆಜವಾಡ ವಿಲ್ಸನ್ ಅವರು ಕೋಲಾರ ಚಿನ್ನದ ಗಣಿಯ ಪೌರಕಾರ್ಮಿಕರ ಮನೆಯಲ್ಲಿ ಹುಟ್ಟಿದವರು.

ಕೆಟ್ಟ ನೆಲವನ್ನು ತೊಳೆಯುವ ಕಸುಬೂ ಈ ಸೀಮೆಗೆ ಹೊಸದಲ್ಲ. ಹಗರಿ ಮತ್ತು ಅದರ ಹಳ್ಳಗಳ ತಗ್ಗುಗಳಲ್ಲಿ ಚೌಳು ನೆಲ, ಅಂದರೆ ಬೇಸಗೆಯಲ್ಲಿ ಲವಣವು ಬೆಳ್ಳಗೆ ಮೇಲೆದ್ದು ಪೈರನ್ನು ಸುಡುವ ನೆಲ, ಬೇಕಾದಷ್ಟಿದೆ. ಉಪ್ಪಾರರೆಂಬ ಸಮುದಾಯದವರು ಒಣಗಾಲದಲ್ಲಿ ಈ ಚೌಳು ಮಣ್ಣನ್ನು ಕೆರೆದು ತಂದು, ಎತ್ತರದ ದಿಬ್ಬದ ನೆತ್ತಿಯಲ್ಲಿ ಮಾಡಿದ ಗುಂಡಿಗಳಲ್ಲಿ ತುಂಬಿ, ಮೇಲೆ ನೀರು ಹೊಯ್ದು, ಮಣ್ಣಿನ ಮೂಲಕ ಸೋಸಿ ಇಳಿಯುವ ಉಪ್ಪುನೀರನ್ನು ಕೆಳಗೆ ಹಿಡಿದು, ಗಾರೆ ಬಳಿದ ಮಡಿಗಳಲ್ಲಿ ಬಿಸಿಲಿಗೆ ಬತ್ತಿಸಿ ಉಪ್ಪು ತೆಗೆಯುತ್ತಿದ್ದರು. ಸಾರ ಇಳಿದ ಮಣ್ಣನ್ನು ಅಲ್ಲೇ ಸುತ್ತ ಚೆಲ್ಲುತ್ತಿದ್ದುದರಿಂದ ದಿಬ್ಬ ವರ್ಷವರ್ಷಕ್ಕೆ ಎತ್ತರವಾಗುತ್ತಿತ್ತು. ಇಂಗ್ಲಿಷರ ಕಡತಗಳು ಇದನ್ನು ‘ಮೋಡಾ’ ಎಂದು ಬರೆದಿಟ್ಟಿವೆ. ಹಳೆಯ ಗೋಡೆ, ದೊಡ್ಡಿಗಳ ಮಣ್ಣಿನಿಂದ ಇದೇ ಬಗೆಯಲ್ಲಿ ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪನ್ನೂ ತೆಗೆಯುತ್ತಿದ್ದರು. ಮಲಿನ ಮಣ್ಣನ್ನು ನೀರಿನಿಂದ ತೊಳೆದು ಅದರಲ್ಲಿನ ಲವಣವನ್ನೋ ಲೋಹವನ್ನೋ ಬೇರ್ಪಡಿಸುವ ವಿಧಾನಕ್ಕೆ ಇಂದಿನ ಪರಿಸರ ಇಂಜಿನಿಯರುಗಳು ಮಣ್ಣು ತೊಳೆತವೆಂದು ಹೆಸರಿಟ್ಟಿದ್ದಾರೆ. ಉಪ್ಪಾರರು ಮಾಡುತ್ತಿದ್ದುದು ತತ್ತ್ವದಲ್ಲಿ ಅದೇ. ಆದರೆ ಅವರ ಗುರಿ ಉಪ್ಪೇ ಹೊರತು ನೆಲದ ಆರೋಗ್ಯವಾಗಿರಲಿಲ್ಲ ಎಂಬುದನ್ನೂ, ಬೇಸಗೆ ಬಂದೊಡನೆ ಕೆಳಗಿನ ಪದರದಿಂದ ಲವಣ ಮತ್ತೆ ಮೇಲೇರುತ್ತಿತ್ತೆಂಬುದನ್ನೂ ಮುಚ್ಚಿಡಬಾರದು.

ಈ ಕಸುಬನ್ನು ಕೊನೆಗಾಣಿಸಿದ್ದು ಸರ್ಕಾರದ ಉಪ್ಪಿನ ಏಕಸ್ವಾಮ್ಯ. ಮದರಾಸು ಪ್ರಾಂತ್ಯದಲ್ಲಿ 1805ರಿಂದಲೇ ಕಡಲುಪ್ಪಿನ ವ್ಯಾಪಾರ ಸರ್ಕಾರದ್ದಾಗಿದ್ದರೂ, ಕರಾವಳಿಯಿಂದ ದೂರವಿದ್ದ ದತ್ತ ಮಂಡಲಗಳಲ್ಲಿ ನೆಲದುಪ್ಪು ಬಹುಕಾಲ ಉಳಿದುಕೊಂಡಿತ್ತು. ರೈಲು ಬಂದು ಕಡಲುಪ್ಪು ಒಳನಾಡಿಗೆ ಸುಲಭವಾಗಿ ಬರತೊಡಗಿದ ಮೇಲೆ, 19ನೆಯ ಶತಮಾನದ ಕೊನೆಯ ದಶಕಗಳಲ್ಲಿ, ಸರ್ಕಾರವು ತನ್ನ ಆದಾಯಕ್ಕೆ ಅಡ್ಡಿಯೆಂದು ನೆಲದುಪ್ಪಿನ ತಯಾರಿಕೆಯನ್ನು ಅಡಗಿಸಿತು. ಉಪ್ಪಾರರು ಕಲ್ಲುಗೆಲಸ, ಮಣ್ಣುಗೆಲಸಗಳಿಗೆ ಇಳಿದರು. ಚೌಳು ನೆಲ ಕೆರೆಯುವವರಿಲ್ಲದೆ ಹಾಗೇ ಬಿದ್ದಿತು.

ತಿಪ್ಪೆಯ ಮೇಲಿನ ನೋಟ ಬದಲಾದದ್ದೂ ಸರಿಸುಮಾರು ಇದೇ ಕಾಲದಲ್ಲಿ. 1884ರ ಮದರಾಸು ಸ್ಥಳೀಯ ಮಂಡಳಿ ಕಾಯಿದೆಯು ದೊಡ್ಡ ಊರುಗಳನ್ನು ಯೂನಿಯನ್ನುಗಳಾಗಿ, ಅಂದರೆ ಮನೆ ತೆರಿಗೆ ಎತ್ತಿ ದೀಪ, ರಸ್ತೆ, ನೈರ್ಮಲ್ಯಗಳನ್ನು ನೋಡಿಕೊಳ್ಳುವ ಪಂಚಾಯಿತಿಗಳಾಗಿ, ಮಾಡಲು ಅವಕಾಶ ಕೊಟ್ಟಿತು. 1898ರಲ್ಲಿ ಪ್ಲೇಗು ಬಳ್ಳಾರಿ ಜಿಲ್ಲೆಗೆ ಕಾಲಿಟ್ಟಿತು. ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡು ಇರಬೇಕಾದ ವರ್ಷಗಳು ಬಂದವು. ಇಲಿ, ನೊಣ, ಕೊಳಕುಗಳ ಮೇಲಿನ ಭಯವು ನೈರ್ಮಲ್ಯ ಅಧಿಕಾರಿಗಳ ಕಣ್ಣಲ್ಲಿ ಮನೆಯ ಮಗ್ಗುಲಿನ ತಿಪ್ಪೆಯನ್ನು ರೋಗದ ತವರನ್ನಾಗಿಸಿತು. ತಿಪ್ಪೆಗಳನ್ನು ಊರಾಚೆಗೆ ಸಾಗಿಸಬೇಕೆಂಬ ಉಪದೇಶ ಮುಂದಿನ ಅರ್ಧ ಶತಮಾನ ನಿಲ್ಲಲೇ ಇಲ್ಲ. ವೈದ್ಯಶಾಸ್ತ್ರದ ಲೆಕ್ಕದಲ್ಲಿ ಅದು ತಪ್ಪೆನ್ನಲಾಗದು. ಆದರೆ ಊರಾಚೆಯ ಸರ್ಕಾರಿ ನೆಲಕ್ಕೆ ಹೋದ ರಾಶಿಗೆ ಕಾವಲು ಕಡಿಮೆಯಾಯಿತು, ಕ್ರಮೇಣ ಒಡೆಯನೂ ಇಲ್ಲದಾದನು. ಇಂದಿನ ಕಸದ ಗುಡ್ಡದ ಬೀಜ ಬಿದ್ದದ್ದು ಪ್ಲಾಸ್ಟಿಕ್ಕಿನಲ್ಲಿ ಎಂಬುದಕ್ಕಿಂತ ಈ ಒಡೆತನ ಕಳಚಿದ ಗಳಿಗೆಯಲ್ಲಿ ಎನ್ನುವುದೇ ಹೆಚ್ಚು ಸರಿಯೆನಿಸುತ್ತದೆ.

ಪಟ್ಟಣದ ಕಸವನ್ನು ಮತ್ತೆ ಗೊಬ್ಬರವಾಗಿಸುವ ಯತ್ನಗಳೂ ನಡೆಯದೆ ಇರಲಿಲ್ಲ. ಭಾರತದ ಬೇಸಾಯವನ್ನು ಪರಿಶೀಲಿಸಿದ ವೋಲ್ಕರ್ 1893ರ ವರದಿಯಲ್ಲಿ, ರೈತನು ಸೆಗಣಿಯನ್ನು ಕುಳ್ಳು ತಟ್ಟಿ ಒಲೆಗೆ ಹಾಕುವುದು ಸೌದೆಯಿಲ್ಲದ್ದರಿಂದಲೇ ಹೊರತು ದಡ್ಡತನದಿಂದಲ್ಲವೆಂದು ವಾದಿಸಿದ್ದನು. ಮರ ಕಡಿಮೆಯಿರುವ ರಾಯದುರ್ಗ ಸೀಮೆಗೆ ಆ ಮಾತು ತಕ್ಕುದಾಗಿತ್ತು. 1920ರ ದಶಕದಲ್ಲಿ ಆಲ್ಬರ್ಟ್ ಹೋವರ್ಡ್ ಮತ್ತು ವೈ. ಡಿ. ವಾಡ್ ಇಂದೋರಿನಲ್ಲಿ ಒಂದು ಕಾಂಪೋಸ್ಟ್ ಪದ್ಧತಿಯನ್ನು ರೂಪಿಸಿದರು. 1939ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ಮುಂದೆ ‘ಬೆಂಗಳೂರು ಪದ್ಧತಿ’ ಎಂದೇ ಹೆಸರಾದ ಇನ್ನೊಂದನ್ನು ರೂಪಿಸಿದರು. ಇದರಲ್ಲಿ ಸುಮಾರು ಮೂರು ಅಡಿ ಆಳದ ಕಂದಕದಲ್ಲಿ ಊರಿನ ಕಸ ಒಂದು ಪದರ, ಮಲ ಒಂದು ಪದರ ಹೀಗೆ ಹಾಕುತ್ತ ಹೋಗಿ, ಮೇಲೆ ಮಣ್ಣು ಮುಚ್ಚಿ, ಆರರಿಂದ ಎಂಟು ತಿಂಗಳು ಕದಲಿಸದೆ ಬಿಡಲಾಗುತ್ತಿತ್ತು. ಮೊದಲ ದಿನಗಳ ಕಾವಿನಲ್ಲಿ ನೊಣದ ಹುಳುಗಳೂ ರೋಗಾಣುಗಳೂ ಸಾಯುತ್ತಿದ್ದವು. ನಲವತ್ತರ ದಶಕದ ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿಯಲ್ಲಿ ಈ ಪದ್ಧತಿಯನ್ನು ದೇಶದ ಪಟ್ಟಣ ಪಟ್ಟಣಗಳಲ್ಲಿ ಹಬ್ಬಿಸಲಾಯಿತು. 1975ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವೂ ಹುಟ್ಟಿತು. ಆದರೆ ಆ ಹೊತ್ತಿಗೆ ಯೂರಿಯಾ ಚೀಲ ಹಳ್ಳಿಯ ಸೊಸೈಟಿಯನ್ನು ಮುಟ್ಟಿತ್ತು. ಅನಂತಪುರ ಸೀಮೆಯಲ್ಲಿ ಜೋಳ, ಸಜ್ಜೆ, ನವಣೆಗಳನ್ನು ಕಡಲೆಕಾಯಿ ಹಿಂದೊತ್ತಿತು. ಬರದ ಮೇಲೆ ಬರ ಬಂದು ದನಗಳು ಸಂತೆಗೆ ಹೋದವು. ಟ್ರಾಕ್ಟರ್ ಬಂದ ಮೇಲೆ ಎತ್ತುಗಳೂ ಕಡಿಮೆಯಾದವು. ದನವಿಲ್ಲದ ಮನೆಗೆ ತಿಪ್ಪೆಯಿಂದ ಪ್ರಯೋಜನವಿಲ್ಲ, ತಿಪ್ಪೆಯಿಲ್ಲದ ಮನೆಯ ಕಸ ಬೀದಿಗೆ ಬೀಳದೆ ಗತಿಯಿಲ್ಲ. ಮಡಕಶಿರಾ ಕಡೆಯ ರೇಷ್ಮೆ ಸಾಕುವ ಮನೆಗಳು ಮಾತ್ರ, ಹುಳ ತಿಂದುಳಿದ ಹಿಪ್ಪುನೇರಳೆ ಕಡ್ಡಿಯನ್ನೂ ಹುಳುವಿನ ಹಿಕ್ಕೆಯನ್ನೂ ತೋಟಕ್ಕೇ ಹಿಂದಿರುಗಿಸುತ್ತ, ಹಳೆಯ ಲೆಕ್ಕವನ್ನು ಇನ್ನೂ ಇಟ್ಟುಕೊಂಡಿವೆ.

ರಾಯದುರ್ಗ ಪಟ್ಟಣದ ಕಸಕ್ಕೆ ತನ್ನದೇ ಆದ ಬಣ್ಣ ಬಂದದ್ದು ಜೀನ್ಸಿನಿಂದ. ಬಳ್ಳಾರಿಯಲ್ಲಿ ಬೆಳೆದ ಜೀನ್ಸ್ ಹೊಲಿಗೆಯ ಉದ್ಯಮವು ಕಳೆದ ಕೆಲವು ದಶಕಗಳಲ್ಲಿ ರಾಯದುರ್ಗಕ್ಕೂ ಹಬ್ಬಿ, ಮನೆಮನೆಯಲ್ಲಿ ಹೊಲಿಗೆ ಯಂತ್ರ ಓಡುವಂತೆ ಮಾಡಿ, ಮಳೆಯನ್ನು ನಂಬಿದ್ದ ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟಿದೆ. ಹೊಲಿದ ಪ್ಯಾಂಟನ್ನು ಮಾಸಿದಂತೆ, ಬಳಸಿದಂತೆ ಕಾಣಿಸಲು ಅದನ್ನು ಬ್ಲೀಚಿಂಗ್, ಪೊಟ್ಯಾಸಿಯಂ ಪರ್ಮಾಂಗನೇಟ್, ಕಿಣ್ವ, ಪ್ಯೂಮಿಸ್ ಎಂಬ ಹಗುರ ಕಲ್ಲು ಇವುಗಳ ಜೊತೆಯಲ್ಲಿ ಒಗೆಯುವುದೇ ಈ ಉದ್ಯಮದ ಅತಿ ಕೊಳಕು ಹಂತ. ಹೊಸ ಬಟ್ಟೆಯನ್ನು ಹಳತು ಮಾಡುವುದಕ್ಕೆಂದು ಹೊಳೆಯ ನೀರನ್ನೂ ನೆಲವನ್ನೂ ಕೆಡಿಸಬೇಕಾದ ಈ ವಿಚಿತ್ರವನ್ನು, ಹಳತನ್ನು ಹೊಲಿದು ಹೊದೆಯುತ್ತಿದ್ದ ಕೌದಿಯ ಸೀಮೆ ಹೇಗೆ ಸಹಿಸಿಕೊಂಡಿತೋ! ನೀಲಿ ಬಣ್ಣದ ತ್ಯಾಜ್ಯ ನೀರನ್ನು ಶುದ್ಧಗೊಳಿಸಿದ ಮೇಲೂ ತಳದಲ್ಲಿ ಉಳಿಯುವ ಕೆಸರು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುವುದರಿಂದ, ಅದನ್ನು ಊರ ಕಸದ ಜೊತೆ ಸೇರಿಸುವಂತಿಲ್ಲ. ಬಳ್ಳಾರಿಯಲ್ಲಿ ಒಗೆಯುವ ಘಟಕಗಳ ವಿರುದ್ಧ ಮಾಲಿನ್ಯ ನಿಯಂತ್ರಣ ಮಂಡಳಿ ಕ್ರಮ ಕೈಗೊಂಡ ಪ್ರಸಂಗಗಳು ಉಂಟು. ಆದರೆ ಆ ಮಂಡಳಿಯ ಅಧಿಕಾರ ಗಡಿಗೆ ಬಂದು ನಿಲ್ಲುತ್ತದೆ, ಆಚೆಗೆ ಆಂಧ್ರದ ಮಂಡಳಿ ಬೇರೆ, ಕಡತ ಬೇರೆ, ಹಗರಿ ಮಾತ್ರ ಒಂದೇ. ಕತ್ತರಿಸುವ ಮೇಜಿನ ಮೇಲೆ ಬಟ್ಟೆಯ ಹತ್ತನೆಯ ಒಂದು ಪಾಲಿಗೆ ಕಡಿಮೆಯಿಲ್ಲದಷ್ಟು ಚಿಂದಿಯಾಗುವುದು ಈ ಉದ್ಯಮದಲ್ಲಿ ಸಾಮಾನ್ಯ. ಶುದ್ಧ ಹತ್ತಿಯ ಚಿಂದಿಯಾದರೆ ಹಿಂಜಿ ಮತ್ತೆ ನೂಲು ಮಾಡಬಹುದು, ಪಾಣಿಪತ್ತಿನ ಗಿರಣಿಗಳು ಅದರಿಂದಲೇ ಬಾಳುತ್ತಿವೆ. ಮೈಗೆ ಹಿಗ್ಗಲೆಂದು ಸ್ಪ್ಯಾಂಡೆಕ್ಸ್ ಎಂಬ ರಬ್ಬರಿನಂಥ ಎಳೆ ಬೆರೆಸಿದ ಬಟ್ಟೆಯ ಚಿಂದಿ ಆ ದಾರಿಗೆ ಬಾರದು, ಬೆಂಕಿಗೋ ಗುಡ್ಡೆಗೋ ಹೋಗುತ್ತದೆ.

ರಾಯದುರ್ಗ ಸೀಮೆಯ ಉತ್ತರ ತುದಿಯ ಡಿ. ಹೀರೇಹಾಳು ಮಂಡಲದ ಓಬಳಾಪುರದ ಬೆಟ್ಟಗಳಲ್ಲಿ ಕಸವೆಂಬುದು ಬೆಲೆಯ ಮಾತೆಂಬುದು ಇನ್ನೂ ನಿಚ್ಚಳವಾಗಿ ಕಂಡಿತು. ಕಬ್ಬಿಣದ ಅದಿರಿನ ಗಣಿಗಳಲ್ಲಿ ಗಟ್ಟಿ ಗೆಡ್ಡೆಯನ್ನು ಮಾರಿ, ಪುಡಿ ಅದಿರನ್ನು ಕಸವೆಂದು ಬೆಟ್ಟದ ಇಳಿಜಾರಿಗೆ ಸುರಿಯುವುದು ಹಿಂದಿನ ವಾಡಿಕೆ. 2003ರ ಆಚೆಗೆ ಚೀನಾದ ಬೇಡಿಕೆ ಏರಿದ್ದೇ ತಡ, ಆ ಪುಡಿಯೂ ಹಳೆಯ ಗುಡ್ಡೆಗಳೂ ಸರಕಾದವು, ಹೊಲದ ಮೇಲೆ ಬಿದ್ದಿದ್ದ ಅದಿರಿನ ಕಲ್ಲುಗಳನ್ನೂ ಆಯ್ದು ಮಾರಿದರು. ಅದೇ ಹೊತ್ತಿನಲ್ಲಿ ಅದಿರಿನ ಮೇಲಿದ್ದ ಮೇಲ್ಮಣ್ಣು, ನೂರಾರು ವರ್ಷ ಹುಲ್ಲು ಎಲೆ ಕೊಳೆತು ಆದ ಆ ಅಂಗೈಯಗಲದ ಪದರ, ಕಸವಾಗಿ ಹಳ್ಳ ಸೇರಿತು. ಓಬಳಾಪುರದ ಗಣಿಗಾರಿಕೆ 2009ರ ಕೊನೆಯಲ್ಲಿ ನಿಂತಿತು. ಅದರ ಅಕ್ರಮಗಳ ಮೊಕದ್ದಮೆಯಲ್ಲಿ 2025ರ ಮೇ 6ರಂದು ಹೈದರಾಬಾದಿನ ಸಿಬಿಐ ನ್ಯಾಯಾಲಯದ ತೀರ್ಪು ಬಂದು ಪ್ರಕರಣವು ಮೇಲಿನ ನ್ಯಾಯಾಲಯಕ್ಕೆ ಹೋಗಿದೆ. ಕರ್ನಾಟಕದ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಳನ್ನು ಸುಪ್ರೀಂ ಕೋರ್ಟು 2011ರಲ್ಲಿ ನಿಲ್ಲಿಸಿ, 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಪ್ರತಿ ಗಣಿಗೂ ಪುನಶ್ಚೇತನ ಯೋಜನೆಯನ್ನು, ಅಂದರೆ ಗುಡ್ಡೆಯ ಬುಡಕ್ಕೆ ತಡೆಗೋಡೆ, ಇಳಿಜಾರಿಗೆ ನಾರಿನ ಚಾಪೆ ಮತ್ತು ಗಿಡ, ಹಳ್ಳಕ್ಕೆ ಹೂಳು ತಡೆಯುವ ಒಡ್ಡು ಇವುಗಳ ಕರಾರನ್ನು, ಕಡ್ಡಾಯ ಮಾಡಿತು. ಗಣಿಪೀಡಿತ ಪ್ರದೇಶಗಳ ಪುನಶ್ಚೇತನಕ್ಕೆಂದು 2014ರಲ್ಲಿ ಒಂದು ನಿಗಮವೂ ರಚನೆಯಾಯಿತು. ಆ ತೀರ್ಪು ಕರ್ನಾಟಕದ ಗಣಿಗಳನ್ನು ಕುರಿತದ್ದು. ಬೆಟ್ಟದ ಸಾಲು ಒಂದೇ ಆದರೂ ಅದರ ಆಂಧ್ರದ ಮಗ್ಗುಲು ಆ ವ್ಯವಸ್ಥೆಯ ಹೊರಗುಳಿಯಿತು.

ದೇಶದ ಕಸದ ಕಾನೂನಿಗೆ ಮೂಲವಾದದ್ದು ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿ. ಅದರ ಫಲವಾಗಿ 2000ದಲ್ಲಿ ಮೊದಲ ನಿಯಮಗಳು ಬಂದವು, 2016ರಲ್ಲಿ ಅವುಗಳ ಜಾಗದಲ್ಲಿ ವಿಸ್ತಾರವಾದ ನಿಯಮಗಳು ಬಂದು ಮನೆಯಲ್ಲೇ ಹಸಿ ಕಸ, ಒಣ ಕಸ ಬೇರ್ಪಡಿಸುವುದು ಕಡ್ಡಾಯವಾಯಿತು. ಬೆಂಗಳೂರಿನ ಕಸ ಸುರಿದ ಮಾವಳ್ಳಿಪುರ, ಮಂಡೂರುಗಳ ಜನರ ಪ್ರತಿಭಟನೆಯನ್ನು ಕಂಡ ಮೇಲೂ ಸಣ್ಣ ಪಟ್ಟಣಗಳು ಊರಾಚೆಯ ಗುಡ್ಡೆಯನ್ನೇ ನೆಚ್ಚಿಕೊಂಡಿದ್ದವು. 2011ರ ಜನಗಣತಿಯಲ್ಲಿ ಅರವತ್ತು ಸಾವಿರ ದಾಟಿದ್ದ ರಾಯದುರ್ಗವೂ ಅದರ ಮೂರನೆಯ ಒಂದು ಪಾಲಿನಷ್ಟಿದ್ದ ಮಡಕಶಿರಾವೂ ಆ ಬಗೆಯ ಪಟ್ಟಣಗಳೇ. ಆಂಧ್ರದ ಗ್ರಾಮ ಪಂಚಾಯಿತಿಗಳಲ್ಲಿ ಕಸದಿಂದ ಸಂಪತ್ತು ತಯಾರಿಸುವ ಕೇಂದ್ರಗಳೆಂಬ ತಗಡಿನ ಚಾವಣಿಯ ಎರೆಗೊಬ್ಬರದ ಕೊಟ್ಟಿಗೆಗಳು ಎದ್ದವು. 2021ರ ಅಕ್ಟೋಬರ್ 2ರಂದು ಮನೆಮನೆಯಿಂದ ಕಸ ಎತ್ತುವ ಯೋಜನೆಯೊಂದು ಆರಂಭವಾಯಿತು. ಅದರ ಜೊತೆಗೆ ಬಂದ ಕಸದ ಸುಂಕ ಜನರಿಗೆ ಎಷ್ಟು ಬೇಸರ ತರಿಸಿತೆಂದರೆ, 2024ರ ಅಕ್ಟೋಬರ್ 2ರಂದು ಹೊಸ ಸರ್ಕಾರವು ಅದನ್ನು ರದ್ದುಗೊಳಿಸುವುದಾಗಿ ಘೋಷಿಸಿತು, ರಾಜ್ಯದ ಪಟ್ಟಣಗಳಲ್ಲಿ ಬಿದ್ದಿರುವ 85 ಲಕ್ಷ ಟನ್ ಹಳೆಯ ಕಸವನ್ನು ಒಂದು ವರ್ಷದೊಳಗೆ ತೆಗೆಸುವ ಮಾತನ್ನೂ ಕೊಟ್ಟಿತು. ಒಂದು ಕಾಲದಲ್ಲಿ ತಿಪ್ಪೆಯಲ್ಲಿ ಪಾಲು ಬೇಕೆಂದು ಜಗಳವಾಡುತ್ತಿದ್ದ ಜನರ ಮೊಮ್ಮಕ್ಕಳು ಕಸ ಒಯ್ಯಲು ಹಣ ಕೊಡಬೇಕೆಂದಾಗ ಸಿಡಿಮಿಡಿಗೊಂಡದ್ದನ್ನು ಬರಿಯ ಜಿಪುಣತನವೆನ್ನಲಾಗದು. ಅವರ ತಲೆಮಾರಿನ ನೆನಪಿನಲ್ಲಿ ಹಣ ಹರಿಯಬೇಕಾದ ದಿಕ್ಕು ಬೇರೆ.

ಮಲಿನಗೊಂಡ ನೆಲಕ್ಕೆಂದೇ ದೇಶದಲ್ಲಿ ಪ್ರತ್ಯೇಕ ನಿಯಮಗಳು ಬಂದದ್ದು 2025ರ ಜುಲೈನಲ್ಲಿ. ಶಂಕಿತ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ಕೊಡಬೇಕು, ರಾಜ್ಯ ಮಂಡಳಿ ಗೊತ್ತುಪಡಿಸಿದ ಅವಧಿಯೊಳಗೆ ಪರೀಕ್ಷಿಸಬೇಕು, ಕೆಡಿಸಿದವರೇ ಶುದ್ಧಿಯ ವೆಚ್ಚ ಹೊರಬೇಕು ಎಂಬುದು ಅವುಗಳ ಸಾರ. ಆದರೆ ಗಣಿಗಾರಿಕೆಯಿಂದ ಕೆಟ್ಟ ನೆಲವನ್ನೂ ಊರ ಕಸದ ಗುಡ್ಡೆಗಳನ್ನೂ, ಅವುಗಳಿಗೆ ಬೇರೆ ಕಾನೂನುಗಳಿವೆಯೆಂಬ ಕಾರಣಕ್ಕೆ, ಈ ನಿಯಮಗಳು ಹೊರಗಿಟ್ಟಿವೆ. ಓಬಳಾಪುರದ ಇಳಿಜಾರು ಮತ್ತು ಪಟ್ಟಣದಾಚೆಯ ಗುಡ್ಡೆ, ಅಂದರೆ ಈ ಸೀಮೆಯ ಎರಡು ದೊಡ್ಡ ಗಾಯಗಳು, ಹೀಗೆ ಹೊಸ ನಿಯಮದ ಗೆರೆಯ ಆಚೆಗೇ ಬೀಳುತ್ತವೆ.

ಗುಡ್ಡೆಗಳ ಪಾಲಿಗೆ ಉಳಿದಿರುವ ಮದ್ದು ಬಯೋಮೈನಿಂಗ್. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2019ರ ಮಾರ್ಗಸೂಚಿ ವಿವರಿಸುವಂತೆ, ಹಳೆಯ ಕಸವನ್ನು ಅಗೆದು, ಸಾಲುಗಳಾಗಿ ಹರಡಿ, ಸೂಕ್ಷ್ಮಾಣುಗಳ ದ್ರಾವಣ ಚಿಮುಕಿಸಿ, ಆಗಾಗ ತಿರುವಿ ಒಣಗಿಸಿ, ಆಮೇಲೆ ಉರುಳುವ ದೊಡ್ಡ ಜರಡಿಗಳಲ್ಲಿ ಹಿಡಿಯುತ್ತಾರೆ. ಪ್ಲಾಸ್ಟಿಕ್ಕು, ಚಿಂದಿಗಳು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಇಂಧನವಾಗಿ ಹೋಗುತ್ತವೆ, ಕಲ್ಲು ಇಟ್ಟಿಗೆಗಳು ತಗ್ಗು ತುಂಬಲು ಹೋಗುತ್ತವೆ, ಜರಡಿಯ ಕೆಳಗೆ ಕಪ್ಪನೆಯ ನುಣ್ಣನೆ ಮಣ್ಣು ಉಳಿಯುತ್ತದೆ. ನೋಡುವುದಕ್ಕೆ ಅದು ಪಾಟಿಮಣ್ಣಿನಂತೆಯೇ ಇರುತ್ತದೆ. ಆದರೆ ಬ್ಯಾಟರಿ, ಬಣ್ಣ, ಬಲ್ಬುಗಳ ಜೊತೆ ವರ್ಷಗಟ್ಟಲೆ ಬಿದ್ದಿದ್ದ ಆ ಮಣ್ಣನ್ನು ಗೊಬ್ಬರವೆಂದು ಮಾರಬೇಕಾದರೆ 1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಪಟ್ಟಣದ ಕಾಂಪೋಸ್ಟಿಗೆ ಸೇರಿಸಿರುವ ಮಿತಿಗಳನ್ನು ಅದು ಪಾಲಿಸಬೇಕು: ಕಿಲೋ ಒಂದಕ್ಕೆ ಸೀಸ 100 ಮಿಲಿಗ್ರಾಂ, ಕ್ರೋಮಿಯಂ 50, ಕ್ಯಾಡ್ಮಿಯಂ 5, ಪಾದರಸ 0.15 ಮೀರುವಂತಿಲ್ಲ. ಮಾಗಿದ ತಿಪ್ಪೆಗೊಬ್ಬರವನ್ನು ಅಂಗೈಯಲ್ಲಿ ಹಿಡಿದು, ಕಾವು ಆರಿದೆಯೇ, ವಾಸನೆ ಹೋಗಿದೆಯೇ, ಬೆರಳ ಸಂದಿಯಲ್ಲಿ ಉದುರುತ್ತದೆಯೇ ಎಂದಷ್ಟೇ ನೋಡಿ ಬಂಡಿಗೆ ಹೇರುತ್ತಿದ್ದ ರೊಳ್ಳದ, ಕಣೇಕಲ್ಲಿನ ರೈತನು ಈಗ ಈ ಮಣ್ಣನ್ನು ಹೊಲಕ್ಕೆ ಬಿಟ್ಟುಕೊಳ್ಳುವ ಮುನ್ನ ಪ್ರಯೋಗಾಲಯದ ಚೀಟಿಗೆ ಕಾಯಬೇಕಾಗಿದೆ.